ಗಾಳದ ಕೋಲಿನ ಮೇಲೆ ಗುಲಾಬಿ ಏರೋಪ್ಲೇನ್

ಸೋದರಮಾವನ ಸ್ಟುಡಿಯೋದ ದೊಡ್ಡ ಕ್ಯಾಮೆರಾ ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು ಬೆಳಿಗ್ಗೆ. ಹನ್ನೊಂದಕ್ಕೆ ಅದು ಮಾವನ ಜೊತೆ ಹಿರೇಕೆರೂರಿನ ಲಗ್ನಕ್ಕೆ ಹೋಗಬೇಕು. ಅಷ್ಟರೊಳಗೆ ನಮ್ಮ ಹಾನಗಲ್ಲಿನ ಕೆರೆಯಲ್ಲಿ ಗುಲಾಬಿ ಏರೋಪ್ಲೇನ್ ಚಿಟ್ಟೆಯ ಒಂದಾದರೂ ಒಳ್ಳೆಯ ಫೋಟೋ ನನಗೆ ಬೇಕಿತ್ತು. ಮೊಬೈಲಿನಲ್ಲಿ ತೆಗೆದದ್ದನ್ನು ಅವ್ವನಿಗೆ ತೋರಿಸಿದಾಗ, "ಯಾರೋ ಎಲಿಅಡಿಕಿ ಉಗುಳ್ಯಾರ, ಅದನ್ಯಾಕ ತಗದಿ?" ಅಂದಿದ್ದಳು.

ಗುಲಾಬಿ ಇರುವುದು ಗಂಡು ಮಾತ್ರ. ತಲೆಯಿಂದ ಬಾಲದವರೆಗೂ ಹೋಳಿಯ ಬಣ್ಣದಲ್ಲಿ ಅದ್ದಿ ತೆಗೆದ ಹಾಗೆ! ಗಾಜಿನಂಥ ರೆಕ್ಕೆಯ ನರಗಳೂ ಕೆಂಪು, ಬುಡದಲ್ಲಿ ಜೇನು ಬಣ್ಣದ ಮಚ್ಚೆ. ಹೆಣ್ಣು ಪಾಪ, ಒಣಹುಲ್ಲಿನ ಬಣ್ಣ. ನಿಂತ ನೀರು, ದಂಡೆಗೆ ಜೊಂಡು, ನೀರಿನತ್ತ ಚಾಚಿದ ಒಂದು ಕಡ್ಡಿ ಇದ್ದರೆ ಸಾಕು. ಹಾರಿಹೋದರೂ ತಿರುಗಿ ಅದೇ ಕಡ್ಡಿಯ ತುದಿಗೇ ಬರುತ್ತದೆ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲಿತದ್ದು.

ಅವತ್ತು ಅದು ಆರಿಸಿಕೊಂಡ ಕಡ್ಡಿ, ಸವಣೂರಿನಿಂದ ಮೀನು ಹಿಡಿಯಲು ಬಂದಿದ್ದ ಚಾಚಾ ಒಬ್ಬರ ಗಾಳದ ಕೋಲು.

"ಚಾಚಾ, ಕೋಲು ಅಳ್ಳಾಡಸಬ್ಯಾಡ್ರಿ!"

"ಯಾಕ ಬೇಟಿ, ಮೀನ ಬಂತೇನು?"

"ಮೀನಲ್ರೀ, ತುದಿಗೆ ನೋಡ್ರಿ."

ಬಾಯಿ ತುಂಬ ಎಲೆಅಡಿಕೆ ಇದ್ದ ಚಾಚಾ ನೋಡಿದರು. "ಅರೇ, ಇದೂ ಎಲಿ ಹಾಕ್ಕೊಂಡೈತಲ್ಲ!"

ನಾನು ಕಣ್ಣಿಗೆ ಕ್ಯಾಮೆರಾ ಹಚ್ಚಿದೆ. ನೀರಿನ ಮೇಲಿನ ಬೆಂಡು ಕುಣಿಯಿತು. ಚಾಚಾ ಕೋಲು ಜಗ್ಗಿದರು. ಮೀನೂ ಇಲ್ಲ, ಚಿಟ್ಟೆಯೂ ಇಲ್ಲ.

"ಸ್ವಲ್ಪ ಸುಮ್ನ ಹಿಡೀರಿ, ತಿರುಗಿ ಇಲ್ಲೇ ಬರ್ತೈತಿ."

"ಮನ್ಯಾಗ ಬೀಗರು ಬಂದಾರ ಬೇಟಿ. ಮೀನ ತಂದ ತರ್ತೇನಿ ಅಂತ ಎದಿ ತಟ್ಟಿ ಹೇಳಿ ಬಂದೇನಿ."

ಅಷ್ಟರಲ್ಲಿ ಮಾವನ ಫೋನ್. "ಎಲ್ಲಿದ್ದೀ? ಅಲ್ಲಿ ಮದುಮಗಳು ತಯಾರಾಗ್ಯಾಳ!"

"ಇಲ್ಲಿ ಮದುಮಗ ಇನ್ನೂ ಕುಂತಿಲ್ಲ ಮಾಮಾ," ಎಂದು ಇಟ್ಟುಬಿಟ್ಟೆ.

ಮದುಮಗ ಬಂದ. ಅದೇ ತುದಿಗೆ ಕೂತ, ಬಾಲ ಎತ್ತಿದ. ಅದೇ ಹೊತ್ತಿಗೆ ಬೆಂಡು ಮೆಲ್ಲಗೆ ಮುಳುಗತೊಡಗಿತು. ಚಾಚಾ ನನ್ನ ಮುಖ ನೋಡಿದರು.

"ಬೇಟಿ, ದೊಡ್ಡದೈತಿ..."

"ನಿಮ್ಮ ಕಾಲಿಗೆ ಬೀಳ್ತೇನ್ರೀ ಚಾಚಾ, ತಡೀರಿ!"

ಅವರು ಉಸಿರು ಬಿಗಿಹಿಡಿದು ಕೂತರು. ನಾನು ಒತ್ತಿದೆ. ಮರುಗಳಿಗೆಗೆ ತುದಿ ಬಾಗಿತು, ಚಿಟ್ಟೆ ಹಾರಿತು, ದಾರ ಸಡಿಲಾಯಿತು. ಮೀನು ಎರೆಹುಳು ತಿಂದು ಹೋಗಿತ್ತು.

ಹೆದರುತ್ತಲೇ ಫೋಟೋ ತೋರಿಸಿದೆ. ರೆಕ್ಕೆಯ ಒಂದೊಂದು ನರವೂ ಎದ್ದು ಕಾಣುತ್ತಿತ್ತು. ಚಾಚಾ ಬಹಳ ಹೊತ್ತು ನೋಡಿದರು. "ಚೆಂದೈತಿ. ಬೀಗರಿಗೆ ಇದನ್ನ ಹುರದು ಕೊಡ್ಲೇನು?"

ಆಮೇಲೆ, ಮೀನು ಯಾಕೆ ಸಿಗಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕೆಂದು ಪಟ್ಟು ಹಿಡಿದರು. ಕ್ಯಾಮೆರಾದ ಪರದೆಯನ್ನೇ ನನ್ನ ಮೊಬೈಲಿನಲ್ಲಿ ತೆಗೆದು ಅವರಿಗೆ ಕಳಿಸಿದೆ, ಅವರು ಮನೆಗೆ ಕಳಿಸಿದರು. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸ್ಟುಡಿಯೋಕ್ಕೆ ಓಡಲು ಚಪ್ಪಲಿ ಹುಡುಕುತ್ತಿದ್ದಾಗ ಚಾಚಿಯ ಫೋನ್ ಬಂತು. ಉರ್ದುವಿನಲ್ಲಿ ಅವರು ಹೇಳಿದ್ದನ್ನೆಲ್ಲ ಚಾಚಾ ತಲೆ ತಗ್ಗಿಸಿ ಕೇಳಿದರು.

"ಏನಂದ್ರು ಚಾಚಾ?"

"ಬಣ್ಣ ಭಾಳ ಚೆಂದೈತಂತ. ಬರೂ ಮುಂದ ಎರಡು ಡಜನ್ ಕೋಳಿ ತತ್ತಿ ತರಬೇಕಂತ."