ಮೈಕಿನ ಮೇಲಿನ ಅಂಗೈ

ನನ್ನ ತಮ್ಮನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಯಾವ ಬಸ್ಸು ಯಾವ ಅಂಕಣಕ್ಕೆ ಬಂತು, ಯಾವುದು ಹೊರಟಿತು ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಹಾಗಾಗಿ ಚಾಲಕರು, ಕಂಡಕ್ಟರುಗಳು, ಹಣ್ಣಿನ ಗಾಡಿಯವರು ಎಲ್ಲರಿಗೂ ಅವನು ಮೈಕಣ್ಣ. ಅವನ ಹೆಂಡತಿ ಮಾತ್ರ ಸಿಟ್ಟು ಬಂದಾಗ “ನಿಮ್ಮ ಮೈಕು ಸ್ವಲ್ಪ ಆರಿಸ್ತೀರಾ?” ಎನ್ನುತ್ತಿದ್ದಳು.

ನಿಲ್ದಾಣದ ಮಹಡಿಯ ಮೇಲೆ ಅವನದೊಂದು ಗಾಜಿನ ಕೋಣೆ. ಒಂದು ಮೇಜು, ಕಾಲು ಅಲ್ಲಾಡುವ ಕುರ್ಚಿ, ಕತ್ತು ಬಗ್ಗಿಸಿ ನಿಂತ ಮೈಕು. ಅದರ ಸ್ವಿಚ್ಚು ಹಳೆಯದು. ಆರಿಸಿ ಮತ್ತೆ ಹಾಕಿದರೆ ಕೆಳಗೆ ನಿಂತವರೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ಕೀರಲು ಸದ್ದು ಹೊರಡುತ್ತಿತ್ತು. ಆದ್ದರಿಂದ ಅವನು ಬೆಳಿಗ್ಗೆ ಕೂತಾಗ ಹಾಕಿದರೆ ಕೆಲಸ ಮುಗಿಸಿ ಏಳುವಾಗಲೇ ಆರಿಸುವುದು. ನಡುವೆ ಯಾರಾದರೂ ಬಂದು ಮಾತಾಡಿಸಿದರೆ ಎಡ ಅಂಗೈಯನ್ನು ಮೈಕಿನ ಬಾಯಿಗೆ ಒತ್ತಿ ಹಿಡಿದು ಉತ್ತರ ಕೊಡುತ್ತಿದ್ದ. ಊಟದ ಡಬ್ಬಿ ಕೊಡಲು ಹೋದಾಗ ನಾನೇ ನೋಡಿದ್ದೇನೆ. “ಬಂದ್ಯಾ ಅಕ್ಕ, ಕೂತ್ಕೋ” ಎನ್ನುವುದು ಅಂಗೈ ಒಳಗಿನ ಮಾತು, ನನಗೆ. ಅಂಗೈ ತೆಗೆದರೆ ಊರಿಗೆಲ್ಲ ಸೇರಿದ ಮಾತು. ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವನು ಹೆಂಡತಿಯನ್ನು ಬೈದದ್ದು ಇಡೀ ನಿಲ್ದಾಣಕ್ಕೆ ಕೇಳಿತ್ತಂತೆ. ಆಮೇಲೆ ಆ ಮನುಷ್ಯ ಹಿಂದಿನ ಗೇಟಿನಿಂದಲೇ ಓಡಾಡುತ್ತಿದ್ದನಂತೆ. ಮನೆಯ ಮಾತು ಮೈಕಿಗೆ ಬೀಳಬಾರದು ಎಂದು ನನ್ನ ತಮ್ಮ ಆಗಲೇ ಗಟ್ಟಿಮಾಡಿಕೊಂಡಿದ್ದ.

ಕೆಲಸದಿಂದ ನಿವೃತ್ತನಾದ ಮೇಲೆ ಅವನ ಗಂಟಲು ಕಟ್ಟಿತು. ಕಟ್ಟಿದ್ದು ಬಿಡಲಿಲ್ಲ. ಒಳಗೆ ಗೆಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ವೈದ್ಯರು. ಅವನು ತಲೆಯಾಡಿಸಿ ಹೊರಗೆ ಬಂದ. ನನ್ನ ಯಜಮಾನರು ಹೋದ ಮೇಲೆ ನಾನು ಅವನ ಮನೆಯಲ್ಲೇ ಇರುವವಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನ ಮಗಳು ತನ್ನ ಮನೆಯಿಂದ ಬಂದಳು. ಪಡಸಾಲೆಯ ಮೂಲೆಯಲ್ಲಿ ಅವನ ಹಳೆಯ ಕಂಪ್ಯೂಟರ್ ಇತ್ತು, ಹಾಡು ಕೇಳುವುದಕ್ಕೆ ಇಟ್ಟುಕೊಂಡದ್ದು. ಅದಕ್ಕೆ ಒಂದು ಮೈಕು ಸಿಕ್ಕಿಸಿ, ದನಿ ಹಿಡಿಯುವ ಸಾಫ್ಟ್‌ವೇರ್ ಹಾಕಿ, ಅಮ್ಮನಿಗೂ ತಿಳಿಯಲಿ ಎಂದು ಅದರ ಬರಹವನ್ನೆಲ್ಲ ಕನ್ನಡಕ್ಕೆ ತಿರುಗಿಸಿದಳು.

“ಅಪ್ಪ, ಏನಾದ್ರೂ ಮಾತಾಡಿ. ಅಮ್ಮನ್ನ ಕರೀರಿ, ನನ್ನ ಬೈರಿ. ಮುಂದೆ ಕೇಳೋಕೆ ಬೇಕು ನಮಗೆ” ಎಂದು ಹೇಳಿ ಅವಳು ಕೆಲಸಕ್ಕೆ ಹೋದಳು.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತ. ದನಿ ಒಡೆದಿತ್ತು, ಆದರೂ ಅವನದೇ. “ಪ್ರಯಾಣಿಕರ ಗಮನಕ್ಕೆ” ಎಂದು ಶುರುಮಾಡಿದ.

ಅಡುಗೆಮನೆಯಿಂದ ಹೆಂಡತಿ ಬಂದಳು. “ಅತ್ಗೆ, ನೋಡಿ ನಿಮ್ಮ ತಮ್ಮನ್ನ! ಮನೆಯವರ ಹತ್ರ ಮಾತಾಡಿ ಅಂದ್ರೆ ಬಸ್ ಕೂಗ್ತಾ ಕೂತಿದಾರೆ. ನಾನೇನು ಮೂರನೇ ಅಂಕಣದಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿದೀನಾ?”

ಅವನು ಏನೋ ಹೇಳಿದ. ಅವಳು ನಕ್ಕಳು, ಕೈ ಒರೆಸಿಕೊಂಡು ಅವನ ಪಕ್ಕ ಸ್ಟೂಲಿನ ಮೇಲೆ ಕೂತಳು. ನಾನು ಬಟ್ಟೆ ಮಡಚುತ್ತ ಹಿತ್ತಲ ಬಾಗಿಲಲ್ಲಿದ್ದೆ. ಆಮೇಲೆ ಅವರಿಬ್ಬರೂ ಬಹಳ ಹೊತ್ತು ಮೆಲ್ಲಗೆ ಮಾತಾಡಿಕೊಂಡರು. ನಡುನಡುವೆ ಅವನು ಮತ್ತೆ ಬಸ್ಸು ಕೂಗುತ್ತಿದ್ದ. ಕತ್ತಲಾಗುವಾಗ, ನಿಲ್ದಾಣದಲ್ಲಿ ಮಾಡುತ್ತಿದ್ದಂತೆಯೇ, ಒಂದೇ ಸಲ ಆರಿಸಿದ. ಆರಿಸಿದ್ದೇ ಪರದೆ ಬೆಳ್ಳಗಾಗಿ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡಿತು. ಬೆಳಗಾದರೆ ಆಸ್ಪತ್ರೆ. ಇನ್ನೊಮ್ಮೆ ಹೇಳಿಸಲು ಹೊತ್ತಿರಲಿಲ್ಲ.

ಅವನು ಮನೆಗೆ ಬಂದಾಗ ಕುತ್ತಿಗೆಯಲ್ಲಿ ಉಸಿರಾಡುವ ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಹೆಂಡತಿ ಅವನ ಆರೈಕೆ ಮುಗಿಸಿ ಕಂಪ್ಯೂಟರ್ ಮುಂದೆ ಕೂರುವಳು. ಸಾಫ್ಟ್‌ವೇರ್ ತೆರೆದರೆ, ಪೂರ್ಣವಾಗದ ಧ್ವನಿಮುದ್ರಣ ಸಿಕ್ಕಿದೆ ಎಂದು ತೋರಿಸಿ ಕೆಳಗೆ ಎರಡು ಗುಂಡಿ ಬರುತ್ತಿದ್ದವು. ಒಂದು ‘ಉಳಿಸು’, ಪಕ್ಕದ್ದು ‘ಅಳಿಸು’. ನನ್ನ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿಕೊಂಡೇ ಓದುವವಳು. ಕೂಡಿಸಿ ನೋಡಿದರೆ ಮೊದಲ ಅಕ್ಷರವೊಂದೇ ಬೇರೆ.

“ಇವೆರಡನ್ನೂ ಅಕ್ಕಪಕ್ಕ ಇಟ್ಟೋನಿಗೆ ಹೆಂಡ್ತಿ ಮಕ್ಕಳು ಇಲ್ವಾ?” ಎಂದು ಅವಳು ಬೈದಳು.

‘ಉಳಿಸು’ ಒತ್ತಿದರೆ ಒಂದು ಹಸಿರು ಗೆರೆ ತೆವಳುತ್ತ ಅರ್ಧದವರೆಗೆ ಬರುವುದು. ಮತ್ತೆ ಪರದೆ ಬೆಳ್ಳಗೆ, ಮತ್ತೆ ಎಲ್ಲ ಮಾಯ. ಮಗಳು ಫೋನಿನಲ್ಲಿ, “ಕಂಪ್ಯೂಟರ್ ಆರಿಸಿ ಹಾಕು ಅಮ್ಮ” ಎಂದಳು. ಆರಿಸಿ ಹಾಕಿದ್ದಾಯಿತು. ಭಾನುವಾರ ಬಂದು ಸಾಫ್ಟ್‌ವೇರನ್ನೇ ಹೊಸದಾಗಿ ಹಾಕಿದಳು. ಗೆರೆ ಅದೇ ಅರ್ಧಕ್ಕೆ ಬಂದು ಸತ್ತಿತು.

“ಬಿಡಮ್ಮ, ಅಪ್ಪ ಬಸ್ ಕೂಗಿದ್ದು ಯಾರ ಫೋನಲ್ಲಾದ್ರೂ ಇರುತ್ತೆ, ವಿಚಾರಿಸೋಣ.”

“ನನಗೆ ಬಸ್ಸು ಯಾಕೆ ಬೇಕು? ನನ್ನ ಹತ್ರ ಮಾತಾಡಿದ್ದು ಅದರೊಳಗೆ ಮಾತ್ರ ಇರೋದು. ಅದು ಬೇಕು” ಎಂದಳು ತಾಯಿ. ನನ್ನ ತಮ್ಮ ಕುರ್ಚಿಯಲ್ಲಿ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದ.

ಕೊನೆಗೆ ರಿಪೇರಿಯವರನ್ನು ಕರೆಸಿದೆವು. ತಲೆ ನರೆತವರು, ನಿಧಾನದ ಮನುಷ್ಯ. ಅಲ್ಲಿ ಇಲ್ಲಿ ಒತ್ತಿ ನೋಡಿ ನಕ್ಕರು. “ಅಮ್ಮ, ಇದರ ತುಂಬ ಹಾಡು ತುಂಬಿಟ್ಟಿದೀರಿ. ಸೂಜಿ ಇಡೋಕೂ ಜಾಗ ಇಲ್ಲ. ಇವರದು ಬೇರೆ ಒಂದೇ ಉಸಿರಲ್ಲಿ ಇಡೀ ದಿನದ್ದು. ಉಸಿರಾಡೋಕೆ ಜಾಗ ಇಲ್ಲದವನ ಕೈಲಿ ಹಾಡು ಹೇಳಿಸಿದ ಹಾಗೆ…” ಎಂದವರು ತಮ್ಮನ ಕುತ್ತಿಗೆ ಕಂಡು ನಾಲಗೆ ಕಚ್ಚಿಕೊಂಡರು. ನನ್ನ ತಮ್ಮ ಭುಜ ಕುಲುಕಿಸಿ ನಕ್ಕ. ಆ ಮನೆಯಲ್ಲಿ ಬಹಳ ದಿನದ ಮೇಲೆ ಬಂದ ನಗು ಅದು, ಸದ್ದಿಲ್ಲದ್ದು.

ರಿಪೇರಿಯವರು ಮೊದಲು ಎಲ್ಲದರದ್ದೂ ಒಂದು ಪ್ರತಿ ತೆಗೆದುಕೊಂಡರು. ಹಾಡುಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ ಜಾಗ ಮಾಡಿದರು. ‘ಉಳಿಸು’ ಒತ್ತಿದರು. ಗೆರೆ ಅರ್ಧ ದಾಟಿತು. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಗೆರೆ ತುದಿ ಮುಟ್ಟಿತು.

“ಪ್ರಯಾಣಿಕರ ಗಮನಕ್ಕೆ!” ಎಂದಿತು ಕಂಪ್ಯೂಟರ್. ಎದುರು ಮನೆಯವರು ಕಿಟಕಿಗೆ ಬಂದರು. ಮೂರನೇ ಅಂಕಣ, ಏಳನೇ ಅಂಕಣ, ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ. ಅವಳು “ಈಗ, ಈಗ ಬರುತ್ತೆ” ಎಂದಳು.

ಬಂದದ್ದು ಗುಂಯ್ ಎನ್ನುವ ಸದ್ದು. ಮುಚ್ಚಿದ ಕೊಡದೊಳಗೆ ಯಾರೋ ಮಾತಾಡಿದಂತೆ. ದನಿ ಯಾರದು, ಮಾತು ಯಾವುದು, ಒಂದೂ ತಿಳಿಯದು. ಮತ್ತೆ ಬಸ್ಸು, ಗಂಟೆ ಹೊಡೆದ ಹಾಗೆ. ಮತ್ತೆ ಗುಂಯ್.

“ಇಲ್ಲೆಲ್ಲ ಮೈಕು ಕೈಕೊಟ್ಟಿದೆ ಅನ್ಸುತ್ತೆ” ಎಂದರು ರಿಪೇರಿಯವರು.

ತಮ್ಮ ತನ್ನ ಎಡಗೈ ಎತ್ತಿ ಅಂಗೈ ನೋಡಿಕೊಂಡ. ಆಮೇಲೆ ಅದನ್ನು ತೊಡೆಯ ಮೇಲೆ ಕವುಚಿ ಇಟ್ಟ. ಆಗ ನಮಗಿಬ್ಬರಿಗೂ ಹೊಳೆಯಿತು. ಅವಳು ಪಕ್ಕದಲ್ಲೇ ಕೂತಿದ್ದಳು, ಆ ಕೈಯನ್ನು ನೋಡಿಯೂ ಇದ್ದಳು. ಜೀವಮಾನವಿಡೀ ಮೈಕಿನ ಮೇಲೆ ಕಂಡ ಕೈ, ಅದರಲ್ಲಿ ಹೊಸದೇನು ಕಾಣಬೇಕು?

“ನಿಮ್ಮ ಶಿಸ್ತಿಗಿಷ್ಟು ಬೆಂಕಿ ಹಾಕ” ಎಂದಳು. ದನಿಯಲ್ಲಿ ಬೆಂಕಿ ಇರಲಿಲ್ಲ.

ಅವನು ತುಟಿ ಆಡಿಸಿದ. ಆವತ್ತಿನ ಮಾತನ್ನೇ ಮತ್ತೆ ಹೇಳಲು ನೋಡುತ್ತಿದ್ದ ಎಂದು ಕಾಣುತ್ತದೆ. ಅವಳು ಕೈ ಅಡ್ಡ ಹಿಡಿದಳು. “ಮಾತು ನನಗೆ ನೆನಪಿದೆ ರೀ. ದನಿಗೋಸ್ಕರ ಅಲ್ವಾ ಇಷ್ಟೆಲ್ಲ ಒದ್ದಾಡಿದ್ದು.”

ರಿಪೇರಿಯವರು ಗಂಟಲು ಸರಿಮಾಡಿಕೊಂಡರು. “ಈ ಗುಂಯ್ ಅನ್ನೋದನ್ನ ಅಳಿಸಿಬಿಡ್ಲಾ ಅಮ್ಮ? ಹಗುರ ಆಗುತ್ತೆ. ಸಾಫ್ಟ್‌ವೇರ್ ಇನ್ಮೇಲೆ ನಡುವೆ ನಿಲ್ಲೋದಿಲ್ಲ.”

“ಅಳಿಸಿದ್ದು ಸಾಕು ಸ್ವಾಮಿ” ಎಂದಳು ಅವಳು. “ಅದನ್ನ ಹಾಗೇ ಬಿಡಿ.”

ಈಗ ಊಟವಾದ ಮೇಲೆ ಅವಳು ಅದನ್ನು ಹಾಕುತ್ತಾಳೆ. ಬಸ್ಸುಗಳು ಬರುವಾಗ ತಮ್ಮನೂ ಜೊತೆಗೆ ತುಟಿ ಆಡಿಸುತ್ತಾನೆ. ಗುಂಯ್ ಶುರುವಾದರೆ ಎದ್ದು ಜಗಲಿಗೆ ಹೋಗುತ್ತಾನೆ. ಅವಳು ಸ್ಟೂಲಿನ ಮೇಲೆ ಕೂತೇ ಇರುತ್ತಾಳೆ, ಕೆಲವು ಕಡೆ ನಗುತ್ತಾಳೆ ಕೂಡ. ಎಲ್ಲಿ ನಗಬೇಕು ಎಂದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ.

ಹಗುರ ಮಾಡದ್ದರಿಂದ ಸಾಫ್ಟ್‌ವೇರ್ ಇಂದಿಗೂ ಒಮ್ಮೊಮ್ಮೆ ನಡುವೆಯೇ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದಾಗ ಆ ಎರಡು ಗುಂಡಿ ಬರುತ್ತವೆ. ಅವಳಿಗೆ ಓದು ಬರುತ್ತದೆ, ಕನ್ನಡಕವೂ ಇದೆ. ಆದರೂ ಬೆರಳು ಇಡುವ ಮೊದಲು ನನ್ನನ್ನು ಕರೆಯುತ್ತಾಳೆ.

“ಅತ್ಗೆ, ಬನ್ನಿ. ಇದು ಉ ತಾನೇ?”

ನಾನು ಹೋಗಿ ಅಕ್ಷರ ಕೂಡಿಸಿ ನೋಡಿ, ಹೌದು ಎನ್ನುತ್ತೇನೆ.