ಹಿಂದಿನ ಸಾಲಿನ ಡ್ರಮ್ಮು

ಇಲ್ಲಿಗೆ ಬಂದ ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಕೈ ತೊಳೆದು ಒರೆಸಿಕೊಳ್ಳದೆ ಹೊರಬಾಗಿಲ ಚಿಲಕ ಹಿಡಿದೆ. ಕೈ ಅಂಟಿಕೊಂಡಿತು. ಎಳೆದಾಗ ಎರಡು ಬೆರಳಿನ ಚರ್ಮ ಚಿಲಕದಲ್ಲೇ ಉಳಿಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಹೆದರಿಕೆ: ನಮ್ಮೂರಲ್ಲಿ ನೀರು ಹೀಗೆ ಮಾಡುವುದಿಲ್ಲವಲ್ಲ ಎಂದು.

ನನ್ನೂರು ಕಾಪು. ಓದಿದ್ದು ಕಾರ್ಕಳದ ಬೋರ್ಡಿಂಗಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಆರಕ್ಕೆ ಓದು. ಆ ಗಂಟೆ ಈಗಲೂ ನನ್ನೊಳಗೆ ಹೊಡೆಯುತ್ತದೆ. ಮೂವತ್ತನಾಲ್ಕು ವರ್ಷ ಉಡುಪಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಅಗತ್ಯ ಬಿದ್ದಾಗ ಲಾರಿಯನ್ನೂ ಓಡಿಸಿದೆ. ನಿವೃತ್ತನಾದ ಮೇಲೆ ನಮ್ಮ ಕಡೆಯ ಒಬ್ಬ ಗುತ್ತಿಗೆದಾರರು ಲಡಾಖಿನಲ್ಲಿ ರಸ್ತೆ ಕೆಲಸ ಹಿಡಿದು, ಅಲ್ಲಿನ ಉಗ್ರಾಣ ನೋಡಿಕೊಳ್ಳಲು ನಂಬಿಗಸ್ತರು ಬೇಕು ಎಂದರು. ಹೆಂಡತಿ ಸುಮತಿ ಕೇಳಿದ್ದು ಒಂದೇ ಮಾತು: "ನಿಮಗೆ ತಲೆ ಸರಿ ಉಂಟಾ?" ಮಣಿಪಾಲದಲ್ಲಿ ಎದೆ, ಶ್ವಾಸಕೋಶ ಎಲ್ಲ ಪರೀಕ್ಷೆ ಮಾಡಿಸಿ ಚೀಟಿ ತಂದು ತೋರಿಸಿದೆ. "ಇದರಲ್ಲಿ ತಲೆಯ ವಿಷಯ ಬರೆದಿಲ್ಲ" ಎಂದಳು. ಎರಡು ತಿಂಗಳಿಗೆಂದು ಬಂದವನು ಈಗ ಎರಡನೆಯ ಚಳಿಗಾಲದಲ್ಲಿದ್ದೇನೆ.

ಲೇಹ್ ಪಟ್ಟಣದಿಂದ ಸಿಂಧೂ ನದಿಯ ದಂಡೆಯಲ್ಲಿ ಗಾಡಿಯಲ್ಲಿ ಆರು ಗಂಟೆ ಮೇಲಕ್ಕೆ ಹತ್ತಿದರೆ ಸಿಗುವ ಹಳ್ಳಿ ಇದು. ನಲವತ್ತು ಮನೆ, ಮರ ಎಂದರೆ ಏಳೆಂಟು. ಆಮಾ ಡೋಲ್ಮಾ ಎಂಬವರ ಮನೆಯಲ್ಲಿ ನನಗೊಂದು ಬಾಡಿಗೆ ಕೋಣೆ. ಆಮಾ ಅಂದರೆ ಅಮ್ಮ. ನನ್ನನ್ನು ಅವರು ಕರೆಯುವುದು ಮೇಮೆ-ಲೆ ಎಂದು. ಮೇಮೆ ಅಂದರೆ ಅಜ್ಜ, 'ಲೆ' ಸೇರಿಸುವುದು ಮರ್ಯಾದೆಗೆ. ಕೋಣೆಯ ನಡುವೆ ಬುಖಾರಿ ಎಂಬ ತಗಡಿನ ಒಲೆ. ಒಣಸಗಣಿ ಹಾಕಿ ಉರಿಸುತ್ತಾರೆ. ನಮ್ಮಲ್ಲಿ ಸೆಕೆಗೆ ಕಿಟಕಿ ತೆರೆಯಲು ಒದ್ದಾಡುತ್ತೇವೆ. ಇಲ್ಲಿ ಕಿಟಕಿಯ ಸಂದಿಗೆ ಬಟ್ಟೆ ತುರುಕುವುದೇ ಒಂದು ಕೆಲಸ. ಕುಚ್ಚಲಕ್ಕಿ ಮೂರು ಗಂಟೆ ಕುದಿಸಿದರೂ ಕಲ್ಲು. ಕುಕ್ಕರಿಲ್ಲದೆ ಅನ್ನವಿಲ್ಲ. ಇಡ್ಲಿ ಹಿಟ್ಟು ಹುಳಿ ಬರಲು ಬುಖಾರಿಯ ಪಕ್ಕ ಕಂಬಳಿ ಹೊದಿಸಿ ಎರಡು ದಿನ ಇಡಬೇಕು. ಮೊದಲ ಬಾರಿ ಹಿಟ್ಟು ಉಬ್ಬಿ ಬಂದ ದಿನ ನಾನು ಸುಮತಿಗೆ ಫೋನು ಮಾಡಿ ವರದಿ ಒಪ್ಪಿಸಿದೆ. ನಾನು ತಂದಿದ್ದ ಒಣಮೀನನ್ನು ಮಾತ್ರ ಡೋಲ್ಮಾ ಒಳಗೆ ಬಿಡಲಿಲ್ಲ. ವಾಸನೆಗಲ್ಲ. "ಒಬ್ಬನ ಒಂದು ಊಟಕ್ಕೆ ಇಷ್ಟೊಂದು ಜೀವವೇ?" ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು. ಸಂಜೆ ಐದಕ್ಕೆ ಕತ್ತಲು. ಆಮೇಲೆ ಬೆಟ್ಟದ ಕಡೆ ನಾಯಿಯೂ ಬೊಗಳುವುದಿಲ್ಲ. ಕಡಲ ಸದ್ದು ಕೇಳಿ ಬೆಳೆದ ಕಿವಿಗೆ ಆ ಮೌನ ಯಾರೋ ಉಸಿರು ಹಿಡಿದು ಕಾದು ನಿಂತ ಹಾಗೆ ಕೇಳಿಸುತ್ತದೆ.

ಈಗ ನನ್ನ ಉಗ್ರಾಣದ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಗೋದಾಮಿನಲ್ಲಿ ಒಂದೇ ಕಟ್ಟಳೆ: ಮೊದಲು ಬಂದದ್ದು ಮೊದಲು ಖರ್ಚಾಗಬೇಕು. ಆರು ತಿಂಗಳ ಮಳೆಗೆ ಅಕ್ಕಿಗೆ ಹುಳ, ಸಿಮೆಂಟಿಗೆ ಗಡ್ಡೆ, ಕಬ್ಬಿಣಕ್ಕೆ ತುಕ್ಕು. ಹಳೆಯ ಸರಕನ್ನು ಹಿಂದೆ ಬಿಟ್ಟು ಹೊಸದನ್ನು ಮುಟ್ಟಿದ ಹುಡುಗರನ್ನು ನಾನು ಮನೆಗೆ ಕಳಿಸಿದ್ದುಂಟು. ಇಲ್ಲಿ ಏನೂ ಕೊಳೆಯುವುದಿಲ್ಲ. ಹೋದ ವರ್ಷ ಒಣಗಿಸಿದ ಸೊಪ್ಪು ಬಣ್ಣ ಕೂಡ ಬಿಟ್ಟಿರುವುದಿಲ್ಲ. ಆದರೂ ನಾನು ಅದೇ ಕಟ್ಟಳೆಯನ್ನು ಹಲಗೆಯಲ್ಲಿ ಬರೆದು ತೂಗುಹಾಕಿದೆ. ಡೀಸೆಲ್ ಡ್ರಮ್ಮುಗಳೂ ಹಾಗೆಯೇ: ಜುಲೈಯಲ್ಲಿ ಬಂದವು ಮುಂದಿನ ಸಾಲು, ನವೆಂಬರಿನಲ್ಲಿ ಬಂದವು ಹಿಂದಿನ ಸಾಲು. ನವೆಂಬರಿನಲ್ಲಿ ತಂದ ಚಾಲಕ, "ಇದು ಚಳಿಗಾಲದ ಎಣ್ಣೆ, ಬೇರೆ" ಎಂದು ಹೇಳಿದ್ದ. ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಸಾಲು ಬದಲಿಸಲಿಲ್ಲ.

ನಮ್ಮ ಶಿಬಿರದ ಅಡುಗೆಗೆ ಇದ್ದವನು ಕಾಪುವಿನ ಪಕ್ಕದ ಎರ್ಮಾಳಿನ ಸದಾನಂದ. ಮೀನುಗಾರರ ಮನೆಯವನು, ನಲವತ್ತರ ಗಟ್ಟಿ ಆಳು, ಬಾಯಿಗೆ ಬಿಡುವಿಲ್ಲ. ಡಿಸೆಂಬರಿನಲ್ಲಿ ರಜೆಗೆ ಊರಿಗೆ ಹೋಗಿದ್ದ. ವಿಮಾನದಲ್ಲಿ ಲೇಹ್‌ಗೆ ಇಳಿದವನು ಸಂಜೆ ಫೋನು ಮಾಡಿದ.

"ಅಣ್ಣ, ತಲೆ ಒಂಥರಾ ಭಾರ ಉಂಟು. ಎರಡು ದಿನ ಇಲ್ಲೇ ಮಲಗ್ತೇನೆ, ಆಗ್ಬಹುದಲ್ವಾ?"

"ನಿನ್ನ ರಜೆ ನಿನ್ನೆಗೆ ಮುಗಿದಿದೆ. ನಾಳೆ ಬೆಳಿಗ್ಗೆ ಸಾಮಾನಿನ ಗಾಡಿ ಹೊರಡುತ್ತದೆ. ಅದರಲ್ಲಿ ಬಾ."

"ನೀವು ಯಮ ಬಂದ್ರೂ ಹಾಜರಿ ಪುಸ್ತಕ ತೋರಿಸುವವರು ಮಾರಾಯ್ರೆ," ಎಂದು ನಕ್ಕ. ನಾನೂ ನಕ್ಕೆ.

ತಗ್ಗಿನಿಂದ ಬಂದವರು ಲೇಹ್‌ನಲ್ಲಿ ಕೆಲವು ದಿನ ಸುಮ್ಮನೆ ಮಲಗಿ ಗಾಳಿಗೆ ಒಗ್ಗಿಕೊಳ್ಳಬೇಕು. ಇದು ಇಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಒಂದು ವರ್ಷ ಇದ್ದವನಲ್ಲವೇ, ಅವನಿಗೆ ಬೇಡ ಎಂದು ನಾನೇ ತೀರ್ಮಾನಿಸಿದೆ.

ಬಂದ ದಿನ ಕೆಮ್ಮು. ಮರುದಿನ ಎರಡು ಮೆಟ್ಟಿಲಿಗೆ ಏದುಸಿರು. ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಅವನ ಕೋಣೆಗೆ ಹೋಗಿ ನೋಡಿದರೆ ಗೋಡೆಗೆ ಒರಗಿ ಕುಳಿತಿದ್ದ. ತುಟಿ ನೇರಳೆ ಹಣ್ಣಿನ ಬಣ್ಣ. ಉಸಿರಾಡಿದರೆ ಎದೆಯೊಳಗೆ ನೀರು ಕುದಿಯುವ ಸದ್ದು. ಆರೋಗ್ಯ ಕೇಂದ್ರದ ನರ್ಸ್ ಓಡಿ ಬಂದು ಆಮ್ಲಜನಕದ ಸಿಲಿಂಡರ್ ಹಚ್ಚಿದರು. ಹಳ್ಳಿಯಲ್ಲಿ ಇದ್ದದ್ದು ಅದೊಂದೇ.

"ಶ್ವಾಸಕೋಶದಲ್ಲಿ ನೀರು ತುಂಬಿದೆ. ಕೆಳಗೆ ಇಳಿಸಲೇಬೇಕು. ಈ ಸಿಲಿಂಡರ್ ಎಂಟು ಗಂಟೆ ಬರುತ್ತದೆ. ಅಷ್ಟೇ."

ಆಗ ಗಂಟೆ ಏಳು. ಲೇಹ್‌ಗೆ ಆರು ಗಂಟೆ ದಾರಿ. ಅಂದರೆ ನನ್ನ ಕೈಯಲ್ಲಿ ಇದ್ದದ್ದು ಎರಡು ಗಂಟೆ. ಫೋನು ಎರಡು ದಿನದಿಂದ ಸತ್ತಿತ್ತು. ಚಳಿಗೆ ರಸ್ತೆ ಕೆಲಸ ನಿಂತು, ಸದಾನಂದ ಬಂದ ಸಾಮಾನಿನ ಗಾಡಿಯೂ ಸೇರಿ ಉಳಿದ ಗಾಡಿಗಳೆಲ್ಲ ಇಳಿದು ಹೋಗಿ, ಹಳ್ಳಿಯಲ್ಲಿ ಇದ್ದದ್ದು ನಮ್ಮ ಲಾರಿ ಒಂದೇ. ಪಶ್ಚಿಮದ ಬೆಟ್ಟ ಮೋಡದಲ್ಲಿ ಅರ್ಧ ಮುಚ್ಚಿತ್ತು.

ಬ್ಯಾಟರಿಯನ್ನು ರಾತ್ರಿ ಬುಖಾರಿಯ ಬಳಿ ತಂದಿಡುವುದು ನನ್ನ ಕ್ರಮ. ಅದನ್ನು ಜೋಡಿಸಿ ಕೀಲಿ ತಿರುಗಿಸಿದೆ. ಇಂಜಿನು ಬಲವಾಗಿಯೇ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ಗಾಡಿ ಹೊರಡದಿದ್ದರೆ ನೋಡಬೇಕಾದ ಹನ್ನೊಂದು ಅಂಶಗಳ ಪಟ್ಟಿ ನನ್ನ ಬಳಿ ಉಂಟು, ನಮ್ಮೂರಿನಲ್ಲಿ ನಾನೇ ಮಾಡಿದ್ದು. ಒಂದರಿಂದ ಶುರು ಮಾಡಿದೆ. ಬ್ಯಾಟರಿಯ ತುದಿ, ತಂತಿ, ಫ್ಯೂಸು, ಇಂಜಿನ್ ಆಯಿಲ್, ಬೆಲ್ಟು. ನಮ್ಮ ಕಡಲ ಉಪ್ಪುಗಾಳಿಗೆ ಮೊದಲು ಕೆಡುವುದು ಅವೇ. ಡೀಸೆಲ್ ದಾರಿ ನನ್ನ ಪಟ್ಟಿಯಲ್ಲಿ ಒಂಬತ್ತನೆಯದು. ಎಂಟು ಮುಗಿಯುವಾಗ ಗಂಟೆ ಎಂಟಾಗಿತ್ತು.

ಡೋಲ್ಮಾ ಅವರ ತಮ್ಮ ನೋರ್ಬು ಬಂದ. ಹಿಂದೆ ಸೈನ್ಯದಲ್ಲಿ ಗಾಡಿ ಓಡಿಸಿದವನು. ನಾನು ಕೀಲಿ ತಿರುಗಿಸುವಾಗ ಸೈಲೆನ್ಸರಿನ ಬಾಯಿಗೆ ಮುಖ ತಂದು ನೋಡಿದ.

"ನಿಲ್ಲಿಸಿ ಮೇಮೆ-ಲೆ. ಬ್ಯಾಟರಿ ಸಾಯುತ್ತದೆ. ಹೊಗೆಯೇ ಇಲ್ಲ. ಇಂಜಿನಿಗೆ ಎಣ್ಣೆ ಬರುತ್ತಿಲ್ಲ." ಒಂದು ಕ್ಷಣ ಬಿಟ್ಟು ಕೇಳಿದ, "ಯಾವ ಡ್ರಮ್ಮಿನದು ಹಾಕಿದಿರಿ?"

ನಾನು ಫಿಲ್ಟರ್ ಬಿಚ್ಚಿದೆ. ಒಳಗೆ ಡೀಸೆಲ್ ಇರಲಿಲ್ಲ. ಬಿಳಿಯ ಗಸಿ ಇತ್ತು. ಡಿಸೆಂಬರಿನ ಬೆಳಿಗ್ಗೆ ನಮ್ಮನೆಯ ಬಾಟಲಿಯಲ್ಲಿ ತೆಂಗಿನೆಣ್ಣೆ ಹೇಗೆ ಗಟ್ಟಿಯಾಗಿ ನಿಲ್ಲುತ್ತದೋ ಹಾಗೆ. ಬೇಸಿಗೆಯ ಡೀಸೆಲ್ ಹೆಚ್ಚು ಚಳಿಗೆ ಮೇಣ ಕಟ್ಟುತ್ತದೆ. ಎರಡು ದಿನದ ಹಿಂದೆ ಹಳೆಯ ಡ್ರಮ್ಮು ಮುಗಿಸಿಬಿಡೋಣ ಎಂದು ಟ್ಯಾಂಕ್ ತುಂಬಿಸಿದವನು ನಾನೇ.

ನೋರ್ಬು ಬೈಯಲಿಲ್ಲ. ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ, ಗಸಿಯಾಗಿ ಇಳಿಯುತ್ತಿದ್ದ ಎಣ್ಣೆಯನ್ನೆಲ್ಲ ಡಬ್ಬಿಗೆ ಬಿಟ್ಟ. ಹಿಂದಿನ ಸಾಲಿನ ಡ್ರಮ್ಮನ್ನು ನಾವಿಬ್ಬರೂ ಉರುಳಿಸಿ ತಂದೆವು. ಅದರೊಳಗಿನದು ನೀರಿನಂತೆ ಟ್ಯಾಂಕಿಗೆ ಹರಿಯಿತು. ಡೋಲ್ಮಾ ಒಂದು ಬಾಣಲೆ ತುಂಬ ಸಗಣಿಯ ಕೆಂಡ ತಂದರು. ಟ್ಯಾಂಕಿನಿಂದ ಇಳಿಸಿದ ಎಣ್ಣೆಯ ಡಬ್ಬಿಯನ್ನು ದೂರ ಒಯ್ದ ಮೇಲೆ ಕೆಂಡವನ್ನು ಇಂಜಿನ್ ಆಯಿಲಿನ ತೊಟ್ಟಿಯ ಕೆಳಗೆ ಇಟ್ಟೆವು. ಡೀಸೆಲ್ ಕೊಳವೆಗಳಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿದೆವು. ಬಟ್ಟೆ ಎರಡು ನಿಮಿಷಕ್ಕೆ ಸೆಟೆದು ನಿಲ್ಲುತ್ತಿತ್ತು, ಮತ್ತೆ ಅದ್ದುತ್ತಿದ್ದೆವು. ಹೊಸ ಫಿಲ್ಟರ್ ಹಾಕಿ, ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದೆ. ಗುಳ್ಳೆ ನಿಂತು ಬರೀ ಎಣ್ಣೆ ಬರಬೇಕು. ಗುಳ್ಳೆ ನಿಲ್ಲುವುದೇ ಇಲ್ಲ ಅನ್ನಿಸಿತು. ಒಳಗಿನಿಂದ ಸದಾನಂದನ ಕೆಮ್ಮು ಕೇಳುತ್ತಿತ್ತು. ಆಮೇಲೆ ಅದೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಒಂಬತ್ತೂ ಇಪ್ಪತ್ತಕ್ಕೆ ಇಂಜಿನು ಬಿಳಿ ಹೊಗೆ ಕಾರಿ ಹತ್ತಿಕೊಂಡಿತು. ಇಪ್ಪತ್ತು ನಿಮಿಷ ತಡ.

ನಾನು ಓಡಿಸಿದೆ. ನೋರ್ಬು ಸದಾನಂದನನ್ನು ಕುಳಿತ ಭಂಗಿಯಲ್ಲೇ ತಬ್ಬಿ ಹಿಡಿದ. ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿ ಬಿದ್ದಿತ್ತು. ಹಿಂದೆ ಹಿಮ ಬೀಳಲು ತೊಡಗಿ, ಕನ್ನಡಿಯಲ್ಲಿ ನಾವು ಬಂದ ದಾರಿ ಕಾಣದಾಯಿತು. ದಾರಿಯಲ್ಲಿ ಸದಾನಂದ ಆಮ್ಲಜನಕದ ಮಾಸ್ಕ್ ಸರಿಸಿ ಒಮ್ಮೆ ಮಾತಾಡಿದ: "ಅಣ್ಣ, ಇವತ್ತು ಹಾಜರಿ ಹಾಕಿದ್ದೀರಾ?" ನಾನು ಬೈದೆ. ಲೇಹ್ ಕಾಣುವ ಮೊದಲೇ, ಮೂರು ಗಂಟೆಗೆ, ಸಿಲಿಂಡರಿನ ಮುಳ್ಳು ಸೊನ್ನೆಗೆ ಬಿತ್ತು. ಅಲ್ಲಿಂದ ಆಸ್ಪತ್ರೆಯ ಬಾಗಿಲವರೆಗೆ ಅವನ ಒಂದೊಂದು ಉಸಿರನ್ನೂ ನಾನು ಕಾದೆ.

ಬದುಕಿದ. ನಾಲ್ಕನೆಯ ದಿನ ವೈದ್ಯರು ಕೇಳಿದರು, "ಬಂದ ಮರುದಿನವೇ ಮೇಲೆ ಹೋಗಲು ಯಾರು ಹೇಳಿದ್ದು?" ನಾನು ಬಾಯಿ ತೆರೆಯುವ ಮೊದಲೇ ಸದಾನಂದ ಬೆರಳನ್ನು ತನ್ನ ಎದೆಗೆ ತೋರಿಸಿಕೊಂಡ. ನಾನು ಅದನ್ನು ತಿದ್ದಲಿಲ್ಲ.

ಅವನು ಈಗ ಎರ್ಮಾಳಿನಲ್ಲಿದ್ದಾನೆ. ಅವನು ಊರಿಗೆ ಹೋಗಿ ಹೇಳಿದ ಕಥೆಯಲ್ಲಿ ಹೆಪ್ಪುಗಟ್ಟಿದ ಲಾರಿ ಉಂಟು, ಹಿಮ ಉಂಟು, ಪ್ರಾಣ ಉಳಿಸಿದ ನಾನು ಉಂಟು. ಬೇರೆ ಏನೂ ಇಲ್ಲ. ಅವನ ತಾಯಿ ಫೋನು ಮಾಡಿ ಅತ್ತರು. "ನಿಮ್ಮಿಂದ ನನ್ನ ಮಗ ಉಳಿದ. ನೀವು ಬಂದಾಗ ಭಜನಾ ಮಂದಿರದಲ್ಲಿ ಒಂದು ಶಾಲು ಹೊದಿಸ್ಬೇಕು ಅಂತ ಉಂಟು, ಬೇಡ ಹೇಳ್ಬಾರ್ದು." ಕಾಪುವಿನಲ್ಲಿ ಸುಮತಿಗೂ ಜನ ಕೈ ಮುಗಿಯುತ್ತಿದ್ದಾರಂತೆ. "ಅಂಗಡಿಯವ ಎದ್ದು ನಿಲ್ತಾನೆ. ನನಗೇ ನಾಚಿಕೆ ಆಗ್ತದೆ, ನೀವು ಎಂತ ಮಾಡಿದ್ದು ಅಷ್ಟು?" ಎಂದು ಕೇಳಿದಳು.

ಈ ಹಳ್ಳಿಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ನೋರ್ಬು ಡ್ರಮ್ಮುಗಳನ್ನು ಬೇರೆ ಬೇರೆ ಮಾಡಿ ಕೆಂಪು ಬಣ್ಣದ ಗುರುತು ಹಾಕಿದ. ಹಿಂತಿರುಗಿ ಬಂದ ಸಂಜೆ ಡೋಲ್ಮಾ ನನ್ನ ಮುಂದೆ ಬೆಣ್ಣೆ ಚಹಾ ಇಟ್ಟು, "ನೀನು ತಪ್ಪು ಮಾಡಿದೆ, ಮೇಮೆ-ಲೆ. ಕುಡಿ," ಎಂದರು. ಅಷ್ಟೇ. ಮೊದಲ ಬಾರಿ ಆ ಉಪ್ಪು ಚಹಾ ಪೂರ್ತಿ ಕುಡಿದೆ.

ಹೋದ ವಾರ ಎರ್ಮಾಳಿಗೆ ನಾನೇ ಫೋನು ಮಾಡಿದೆ. ರಜೆಯ ವಿಷಯ, ಡ್ರಮ್ಮಿನ ವಿಷಯ, ಎರಡನ್ನೂ ಸದಾನಂದನ ತಾಯಿಗೆ ಬಿಡಿಸಿ ಹೇಳಿದೆ. ಆ ಕಡೆ ಯಾರೋ ಮೀನು ತಂದು ಕೂಗುವುದು ಕೇಳುತ್ತಿತ್ತು. ಅವರು, "ಆಯ್ತು, ಮತ್ತೆ ಮಾಡ್ತೇನೆ," ಎಂದು ಫೋನು ಇಟ್ಟರು.

ಇನ್ನೂ ಮಾಡಿಲ್ಲ. ಏಪ್ರಿಲಿನಲ್ಲಿ ಊರಿಗೆ ಬರಬೇಕು ಎಂದು ಸುಮತಿ ದಿನ ಗೊತ್ತು ಮಾಡಿದ್ದಾಳೆ. ಟಿಕೆಟು ತೆಗೆಯಲು ಎರಡು ಬಾರಿ ಕುಳಿತೆ, ಎರಡು ಬಾರಿಯೂ ಎದ್ದೆ. ಇಲ್ಲಿಯೇ ಇದ್ದುಬಿಡಲು ಇದು ನನ್ನ ಊರಲ್ಲ. ಸತ್ತರೆ ಇಲ್ಲಿ ನನ್ನ ಭಾಷೆಯಲ್ಲಿ ಅಳುವವರಿಲ್ಲ. ಮಂಗಳೂರಿನಲ್ಲಿ ವಿಮಾನ ಇಳಿದರೆ ಮನೆಗೆ ಎರಡು ಗಂಟೆ ಕೂಡ ಬೇಡ. ಆದರೆ ಕಾಪುವಿಗೆ ಬರುವ ಹೆದ್ದಾರಿ ಎರ್ಮಾಳಿನ ನಡುವೆಯೇ ಹಾದು ಬರುತ್ತದೆ.