ಗಂಗತ್ತೆಯ ಟೈರಿಗೆ ಎಣ್ಣೆಸ್ನಾನ

ಗಂಗತ್ತೆಯ ಅಂಗೈ ಸದಾ ಮಿರಿಮಿರಿ ಮಿಂಚುತ್ತಿತ್ತು. ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣದ ಶಾಲೆಗೆ ನಮ್ಮನ್ನೆಲ್ಲ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದವಳು ಅವಳೇ. ಡ್ರೈವರ್ ಸೀಟಿನ ಪಕ್ಕದಲ್ಲಿ ಗಾಣದ ಕೊಬ್ಬರಿ ಎಣ್ಣೆಯ ಬಾಟಲಿ ಇರುತ್ತಿತ್ತು. ಒಣಗಿದ ತಲೆಯ ಮಗು ಹತ್ತಿತೋ, ವ್ಯಾನು ಹೊರಡುತ್ತಿರಲಿಲ್ಲ. ಮೊದಲು ತಲೆಗೆ ಎಣ್ಣೆ, ಆಮೇಲೆ ಗೇರು. ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಏಳನೇ ಕ್ಲಾಸಿನ ಆ ಒಂದೇ ವರ್ಷದಲ್ಲಿ ನನ್ನ ತಲೆಗೆ ಮೂವತ್ತೆಂಟು ಸಲ ಎಣ್ಣೆ ಬಿದ್ದಿದೆ. ಅದರಲ್ಲಿ ಒಂದು ಸಲ ಗ್ರೂಪ್ ಫೋಟೋ ತೆಗೆಯುವ ದಿನ.

ಅವಳು ನಮಗೆ ರಕ್ತಸಂಬಂಧದ ಅತ್ತೆಯಲ್ಲ, ಇಡೀ ಬೀದಿಗೇ ಅತ್ತೆ. ಗಂಡ ಸಿದ್ದೇಗೌಡರಿಗೆ ಡ್ರೈವಿಂಗ್ ಬಾರದು. ಹಿಂದಿನ ಬಾಗಿಲು ಮುಚ್ಚಿ "ರೈಟ್" ಅನ್ನುವುದಷ್ಟೇ ಅವರ ಇಲಾಖೆ. "ಒಣಗಿದ್ದು ಮುರೀತದೆ, ಎಣ್ಣೆ ಕುಡ್ದಿದ್ದು ಬಾಗ್ತದೆ" ಎಂಬುದು ಗಂಗತ್ತೆಯ ವೇದವಾಕ್ಯ. ಬಾಗಿಲ ಕೀಲು, ಸಿದ್ದೇಗೌಡರ ಮಂಡಿ, ಎಮ್ಮೆಯ ಕೋಡು, ಅಂಟಿಕೊಂಡ ಜಿಪ್ಪು, ಎಲ್ಲಕ್ಕೂ ಅದೇ ಬಾಟಲಿ.

ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾಗ ವ್ಯಾನಿನ ಎಫ್‌ಸಿ ಮುಗಿಯುವ ಹೊತ್ತು ಬಂತು. ಗಾಡಿಯನ್ನು ನೋಡಿ, ರಸ್ತೆಗೆ ಯೋಗ್ಯವೆಂದು ಆರ್‌ಟಿಓ ಕಚೇರಿಯವರು ಕೊಡುವ ಕಾಗದ ಅದು. ಸೋಮವಾರದೊಳಗೆ ಅದನ್ನು ತೋರಿಸದಿದ್ದರೆ ಮಕ್ಕಳನ್ನು ಬೇರೆ ವ್ಯಾನಿಗೆ ಒಪ್ಪಿಸುವುದಾಗಿ ಶಾಲೆಯವರು ಹೇಳಿಬಿಟ್ಟಿದ್ದರು. ಮಕ್ಕಳಿಲ್ಲದ ವ್ಯಾನಿನಲ್ಲಿ ಗಂಗತ್ತೆಯನ್ನು ಊಹಿಸಿಕೊಳ್ಳುವುದೂ ಕಷ್ಟ. ಅದೇ ವಾರ, ತಿರುವಿನಲ್ಲಿದ್ದ ಕಲ್ಲುಚಪ್ಪಡಿಗೆ ಉಜ್ಜಿ ಮುಂದಿನ ಎಡ ಟೈರಿನ ಪಕ್ಕದಲ್ಲಿ ಬೆರಳುದ್ದದ ಗೀರು ಬಿತ್ತು. ಟೈರು ಹೊಸದು, ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ.

ಆ ಗೀರು ನೋಡಲು ಊರೇ ಬಂತು, ಬಾಣಂತಿ ಮನೆಗೆ ಕೂಸು ನೋಡಲು ಬಂದ ಹಾಗೆ. ಪಂಕ್ಚರ್ ಅಂಗಡಿಯ ಬಾಷಾ, "ಏನೂ ಆಗಕಿಲ್ಲ, ಪಾಸಾಯ್ತದೆ" ಅಂದ. ಸಿದ್ದೇಗೌಡರು ತಲೆ ಅಲ್ಲಾಡಿಸಿದರು.

"ಫೇಲ್ ಕಣೆ. ಅವರು ಗೀರು ನೋಡಿದ್ರೆ ಮುಗೀತು."

"ನಿಮ್ಮ ಮೊಕದಾಗೆ ಎಷ್ಟು ಗೀರವೆ? ನಾನೇನು ಫೇಲ್ ಮಾಡಿದ್ನಾ?" ಅಂದಳು ಗಂಗತ್ತೆ.

ಸಿದ್ದೇಗೌಡರು ಬಾಗಿಲು ಮುಚ್ಚಲು ಹೋದರು. ವ್ಯಾನಿನ ಬಾಗಿಲು ಆಗಲೇ ಮುಚ್ಚಿತ್ತು.

ರಜೆಗೆ ಊರಿಗೆ ಬಂದಿದ್ದ ನನ್ನನ್ನೂ ಶುಕ್ರವಾರ ಬೆಳಿಗ್ಗೆ ಎಬ್ಬಿಸಿದಳು. "ಬಾ ಮಗ, ನೀನು ಓದಿರೋಳು. ಸಾಹೇಬ್ರು ಇಂಗ್ಲಿಷ್ನಾಗೆ ಬೈದ್ರೆ ಕನ್ನಡಕ್ಕೆ ತಂದ್ಕೊಡು." ಹಾಸನದ ಆರ್‌ಟಿಓ ಕಚೇರಿಗೆ ಹೋಗುವಷ್ಟರಲ್ಲಿ ಟೈರಿಗೆಲ್ಲ ಧೂಳು ಮೆತ್ತಿತ್ತು. ಆ ಬೂದು ಬಣ್ಣದ ನಡುವೆ ಗೀರು ಮಾತ್ರ ಕರ್ರಗೆ ಎದ್ದು ಕಾಣುತ್ತಿತ್ತು. ಮಧ್ಯಾಹ್ನವಾದರೂ ಸಾಲಿನಲ್ಲಿ ನಮ್ಮ ಮುಂದೆ ಇನ್ನೂ ಮೂರು ಗಾಡಿ. ಗಂಗತ್ತೆ ಬಾಟಲಿ ತೆಗೆದಳು.

"ಅತ್ತೆ, ಬೇಡ."

"ಸುಮ್ಕಿರು. ಎಲ್ಲಾ ಕಪ್ಪಾದ್ರೆ ಗೀರು ಯಾವ್ದು ಅಂತ ಅವರಪ್ಪನಾಣೆ ಗೊತ್ತಾಗಕಿಲ್ಲ."

ಮೊದಲು ಗೀರು ಬಿದ್ದ ಟೈರಿಗೆ ಹಚ್ಚಿದಳು. ಒಂದಕ್ಕೇ ಹಚ್ಚಿದರೆ ಅನುಮಾನ ಬರುತ್ತದೆಂದು ಉಳಿದ ಮೂರಕ್ಕೂ ಹಚ್ಚಿದಳು. ಪಕ್ಕಕ್ಕೆ ಮಾತ್ರ ಹಚ್ಚಿ ಬಿಟ್ಟರೆ ಅರ್ಧ ತಲೆ ಬಾಚಿದಂತೆ ಕಾಣುತ್ತದೆಂದು, ನೆಲಕ್ಕೆ ತಾಗುವ ಭಾಗಕ್ಕೂ, ಗಾಡಿಯನ್ನು ಮುಂದೆ ಸರಿಸಿ ಸರಿಸಿ, ನೆತ್ತಿಗೆ ಒತ್ತುವ ಹಾಗೆ ತಟತಟನೆ ಒತ್ತಿದಳು. ಟೈರುಗಳು ಮದುವೆ ಗಂಡಿನಂತೆ ಹೊಳೆದವು.

ನಮ್ಮ ಸರದಿ ಬಂತು. ಸಿಮೆಂಟಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ನಿಧಾನ ಬಂದು ಗೆರೆಯ ಹತ್ತಿರ ಬ್ರೇಕ್ ಹಾಕಿ ನಿಲ್ಲಿಸಬೇಕು. ಗಂಗತ್ತೆ ಬಂದಳು, ಬ್ರೇಕ್ ಒತ್ತಿದಳು. ಚಕ್ರಗಳು ನಿಂತವು. ವ್ಯಾನು ನಿಲ್ಲಲಿಲ್ಲ. ಬಾಳೆಹಣ್ಣಿನ ಸಿಪ್ಪೆ ತುಳಿದ ದೊಡ್ಡಮನುಷ್ಯನ ಗಾಂಭೀರ್ಯದಲ್ಲಿ ಗೆರೆ ದಾಟಿ, ಇನ್‌ಸ್ಪೆಕ್ಟರು ಎದ್ದು ಹಾರಿದ ಖಾಲಿ ಕುರ್ಚಿಯನ್ನು ಮೆಲ್ಲಗೆ ಮುಟ್ಟಿ, ನಿಂತಿತು.

ಇನ್‌ಸ್ಪೆಕ್ಟರು ಬಗ್ಗಿ ಟೈರು ಮುಟ್ಟಿದರು. ಬೆರಳು ಮೂಸಿದರು.

"ಏನಮ್ಮ ಇದು?"

"ಗಾಣದ್ದು ಸಾ. ನುಗ್ಗೇಹಳ್ಳಿ ಕೊಬ್ರಿ. ಕಲಬೆರಕೆ ಇಲ್ಲ."

"ಟೈರಿಗೆ ಯಾಕೆ ಹಚ್ಚಿದ್ರಿ?"

ಗಂಗತ್ತೆಗೆ ಸುಳ್ಳು ಬಾರದು. "ಗೀರು ಕಾಣಬಾರ್ದು ಅಂತ ಸಾ."

ಅವರು ಕರವಸ್ತ್ರದಿಂದ ಒರೆಸಿ ಗೀರನ್ನು ನೋಡಿದರು. "ಇದಾ? ಮೇಲಿನ ರಬ್ಬರ್ ಕೆರೆದಿದೆ ಅಷ್ಟೇ. ಒಳಗಿನ ನೂಲು ಕಾಣ್ತಿಲ್ಲ, ಉಬ್ಬಿಲ್ಲ, ನೆಲಕ್ಕೆ ತಾಗೋ ಪಟ್ಟಿ ಸವೆದಿಲ್ಲ. ಇದಕ್ಕೆ ಯಾರು ಫೇಲ್ ಮಾಡ್ತಾರಮ್ಮ? ಫೇಲ್ ಆಗಿರೋದು ನಿಮ್ಮ ಎಣ್ಣೆ! ತೊಳೆದು ತನ್ನಿ. ನಾಲ್ಕು ಗಂಟೆವರೆಗೂ ಇರ್ತೀನಿ. ಆಮೇಲೆ ಮೂರು ದಿನ ನಾನು ರಜೆ, ಮಂಗಳವಾರವೇ."

ಮಂಗಳವಾರವೆಂದರೆ ಮಕ್ಕಳು ಕೈತಪ್ಪಿದಂತೆ. ನನ್ನ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. ಬಟ್ಟೆಯಲ್ಲಿ ಒರೆಸಿದಷ್ಟೂ ಟೈರು ಇನ್ನಷ್ಟು ಹೊಳೆಯಿತು. ಗಂಗತ್ತೆ ಹಣೆ ಬಡಿದುಕೊಂಡಳು. "ಎಣ್ಣೆ ಒತ್ತಿದ ತಲೆಗೆ ಏನಾಕ್ತಾರೆ ಮಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದುರಿನ ದಿನಸಿ ಅಂಗಡಿಗೆ ಓಡಿದಳು. ನಾನೂ ಹಿಂದೆ ಓಡಿದೆ.

"ಸೀಗೆಪುಡಿ ಕೊಡಪ್ಪ, ಬೇಗ."

"ಎಷ್ಟು ಜನದ ಸ್ನಾನ ಅಕ್ಕ?"

"ನಾಕು ಜನ. ಕರ್ರಗವ್ರೆ, ದುಂಡಗವ್ರೆ. ಒಬ್ಬನಿಗೆ ಗಾಯ ಅದೆ, ಉರೀದೇ ಇರೋ ಅಂತದ್ದು ಕೊಡು."

ನಲ್ಲಿಯ ಪಕ್ಕದಲ್ಲಿ ನಡೆದ ಆ ಅಭ್ಯಂಜನಕ್ಕೆ ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಸೇರಿದರು. ಹೊಳೆನರಸೀಪುರದ ಲಾರಿಯವನು ಬಕೆಟ್ ಕೊಟ್ಟ. ಅರಕಲಗೂಡಿನ ಆಟೋದವನು ತೆಂಗಿನ ನಾರಿನಿಂದ ಗಸಗಸ ತಿಕ್ಕಿದ.

"ಅಕ್ಕ, ಸಾಂಬ್ರಾಣಿ ಹೊಗೆ ಆಕದ್ ಬ್ಯಾಡ್ವಾ?"

"ತಿಕ್ಕಲಾ ಮೂದೇವಿ! ಕಿವಿ ಹಿಂದ್ಗಡೆ ಕೊಳೆ ಅಂಗೇ ಅದೆ."

ಟೈರಿಗೆ ಕಿವಿ ಎಲ್ಲಿದೆ ಎಂದು ಅವನು ಕೇಳಲಿಲ್ಲ. ಎಲ್ಲೋ ಇದೆ ಎಂದುಕೊಂಡು ತಿಕ್ಕಿದ. ನಾನು ನಕ್ಕು ನಕ್ಕು ನೀರು ಹೊಯ್ಯುತ್ತಿದ್ದ ಚೊಂಬನ್ನೇ ಕೈಬಿಟ್ಟೆ. ಗಂಗತ್ತೆ ಮಾತ್ರ ನಗಲಿಲ್ಲ. ಸೆರಗಿನಿಂದ ಒಂದೊಂದು ಟೈರನ್ನೂ ಒರೆಸುತ್ತ, "ಓಗ್ಬೇಡ್ರಪ್ಪ, ಕೈ ಬಿಡ್ಬೇಡ್ರಪ್ಪ" ಎಂದು ಗುನುಗುತ್ತಿದ್ದಳು. ಹೇಳುತ್ತಿದ್ದುದು ಟೈರಿಗಲ್ಲ, ಮಕ್ಕಳಿಗೆ ಎಂದು ನನಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ಸ್ವಲ್ಪ ಮೊದಲು ವ್ಯಾನು ಮತ್ತೆ ಅಂಗಳಕ್ಕಿಳಿಯಿತು. ಈ ಸಲ ಇನ್‌ಸ್ಪೆಕ್ಟರು ಕುರ್ಚಿಯನ್ನು ಮೊದಲೇ ಎತ್ತಿಕೊಂಡು ಗೋಡೆಯ ಪಕ್ಕ ನಿಂತಿದ್ದರು. ವ್ಯಾನು ಗೆರೆಯ ಮೇಲೆ ಗಕ್ಕನೆ ನಿಂತಿತು. ಡ್ರೈವರುಗಳು ಶಿಳ್ಳೆ ಹಾಕಿದರು. ಕಾಗದಕ್ಕೆ ಸಹಿ ಬಿತ್ತು.

"ಇನ್ಮೇಲೆ ತಲೆಗೆ ಮಾತ್ರ ಹಚ್ಚಿ" ಅಂದರು ಇನ್‌ಸ್ಪೆಕ್ಟರು.

"ಆಗ್ಲಿ ಸಾ" ಎಂದು ಗಂಗತ್ತೆ ಅವರ ತಲೆ ನೋಡಿದಳು. "ನಿಮ್ದೂ ಬಾಳ ಒಣಗ್ಕಂಡದೆ."

ನಾನು ಅವಳನ್ನು ವ್ಯಾನಿಗೆ ಎಳೆದುಕೊಂಡು ಹೋದೆ.

ಡಿಗ್ರಿ ಮುಗಿದು ನನಗೆ ಅರಕಲಗೂಡಿನಲ್ಲಿ ಕೆಲಸ ಸಿಕ್ಕಿತು. ಸ್ಕೂಟರ್ ಕೊಂಡು, ಅದನ್ನು ತೋರಿಸಲು ಊರಿಗೆ ಹೋದೆ. ಗಂಗತ್ತೆ ಆಗ ವ್ಯಾನು ಓಡಿಸುವುದನ್ನು ಬಿಟ್ಟಿದ್ದಳು, ಕಣ್ಣು ಮಂಜಾಗಿತ್ತು. ಆದರೂ ಸ್ಕೂಟರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಟೈರನ್ನು ಬೆರಳಿನಿಂದ ತಡವಿದಳು. "ಗೀರು ಬಿದ್ದದೆ ಕಣೆ" ಎಂದು ಒಳಗೆ ಹೋಗಿ ಬಾಟಲಿ ತಂದಳು. ನಾನು ಹಾರಿ ಟೈರಿಗೆ ಅಡ್ಡ ಕೂತೆ. ಆ ದಿನ ಕೊನೆಗೂ ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಡ್ಡ ಕೂತ ನನ್ನ ತಲೆಗೇ ಪೂರಾ ಸುರಿದಳು. ತೊಟ್ಟಿಕ್ಕುವ ತಲೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಅರಕಲಗೂಡಿಗೆ ಹೊರಟೆ. ಹಿಂದಿನಿಂದ ಸಿದ್ದೇಗೌಡರು "ರೈಟ್" ಅಂದರು.

ಮುಂದಿನ ಸಲ ಊರಿಗೆ ಹೋದದ್ದು ಅವಳ ತಿಥಿಗೆ.

ಹೆಲ್ಮೆಟ್ಟಿನ ಒಳಗಿನ ಸ್ಪಂಜಿನಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆಯಿದೆ. ಮನೆಯಲ್ಲಿ ಸೀಗೆಪುಡಿಯೂ ಇದೆ. ತೊಳೆದಿಲ್ಲ.